ಪೋಪರ ರಾಜ್ಯ 44 ಹೆಕ್ಟೇರಿಗೆ ಇಳಿದ ಇತಿಹಾಸ

ಜಗತ್ತಿನ ಅತ್ಯಂತ ಚಿಕ್ಕ ದೇಶ ಯಾವುದು ಎಂದು ಧರ್ಮಶಿಕ್ಷಣ ತರಗತಿಯ ಮಕ್ಕಳನ್ನು ಕೇಳಿದರೆ ವ್ಯಾಟಿಕನ್ ಎಂಬ ಉತ್ತರ ತಕ್ಷಣ ಬರುತ್ತದೆ. ಅದು ಯಾಕೆ ಅಷ್ಟು ಚಿಕ್ಕದಾಯಿತು ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಇಂದಿನ ವ್ಯಾಟಿಕನ್ ನಗರ ರಾಜ್ಯದ ವಿಸ್ತೀರ್ಣ ಸುಮಾರು 44 ಹೆಕ್ಟೇರು. ನಮ್ಮ ಲೆಕ್ಕದಲ್ಲಿ 110 ಎಕರೆಗೂ ಕಡಿಮೆ. ಆದರೆ 1859ಕ್ಕೆ ಮೊದಲು ಪೋಪ್ ಜಗದ್ಗುರುಗಳು ರಾಜರಾಗಿ ಆಳುತ್ತಿದ್ದ ರಾಜ್ಯದ ವಿಸ್ತೀರ್ಣ ಸುಮಾರು 41,000 ಚದರ ಕಿಲೋಮೀಟರು ಇತ್ತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರೂ ಜಿಲ್ಲೆಗಳನ್ನು ಒಟ್ಟು ಸೇರಿಸಿದರೂ ಅದರ ಅರ್ಧದಷ್ಟಾಗುವುದಿಲ್ಲ. ಅಲ್ಲಿ 30 ಲಕ್ಷಕ್ಕೂ ಹೆಚ್ಚು ಪ್ರಜೆಗಳಿದ್ದರು.

ಈ ರಾಜ್ಯದ ವಿಷಯದಲ್ಲಿ ನಮ್ಮ ನಡುವೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಧರ್ಮಸಭೆಯ ಶತ್ರುಗಳು ಎಲ್ಲವನ್ನೂ ದೋಚಿಕೊಂಡರು ಎಂದು ಕೆಲವರು ಹೇಳುತ್ತಾರೆ. ಪೋಪರಿಗೆ ರಾಜ್ಯವೇ ಬೇಕಿರಲಿಲ್ಲ, ಅಧಿಕಾರದ ಆಸೆಯಿಂದ ಕೂಡಿಟ್ಟದ್ದು ಹೋಯಿತು ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಪೂರ್ಣ ಸತ್ಯವಿಲ್ಲ. ಭೂಮಿ ಹೇಗೆ ಬಂತು, ಹೇಗೆ ಹೋಯಿತು, ಹೋದ ಮೇಲೆ ಏನಾಯಿತು ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ. ನಮ್ಮ ಕರಾವಳಿಯ ಧರ್ಮಪ್ರಾಂತ್ಯದ ಹುಟ್ಟಿಗೂ ಈ ಕಥೆಗೂ ಸಂಬಂಧವಿದೆ ಎಂಬುದನ್ನು ಓದುಗರು ಮುಂದೆ ಗಮನಿಸಬಹುದು.

ಭೂಮಿ ಬಂದ ಬಗೆ

ಕ್ರಿ.ಶ. 313ರ ನಂತರ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದಲ್ಲಿ ಕ್ರೈಸ್ತರಿಗೆ ಸ್ವಾತಂತ್ರ್ಯ ದೊರೆತಾಗ ರೋಮಿನ ಧರ್ಮಸಭೆಗೆ ದಾನವಾಗಿ ಜಮೀನುಗಳು ಬರತೊಡಗಿದವು. ಸಿಸಿಲಿ ಮುಂತಾದ ಕಡೆಗಳಲ್ಲಿದ್ದ ಈ ಜಮೀನುಗಳನ್ನು ‘ಸಂತ ಪೇತ್ರರ ಆಸ್ತಿ’ ಎಂದು ಕರೆಯುತ್ತಿದ್ದರು. ಆಗ ಪೋಪರು ರಾಜರಲ್ಲ, ಕೇವಲ ಜಮೀನಿನ ಒಡೆಯರು. 590ರಿಂದ 604ರವರೆಗೆ ಪೋಪರಾಗಿದ್ದ ಮಹಾ ಸಂತ ಗ್ರೆಗೊರಿಯವರು ಈ ಜಮೀನುಗಳ ಉತ್ಪತ್ತಿಯಿಂದ ರೋಮಿನ ಬಡವರಿಗೆ ಧಾನ್ಯ ಹಂಚುವ ವ್ಯವಸ್ಥೆ ಮಾಡಿದ್ದರು.

ಆಗ ರೋಮ್ ಹೆಸರಿಗೆ ಮಾತ್ರ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯ ಅಧೀನದಲ್ಲಿತ್ತು. ದಾಳಿಯಾದಾಗ ರಕ್ಷಣೆಗೆ ಸೈನ್ಯ ಬರುತ್ತಿರಲಿಲ್ಲ. 751ರಲ್ಲಿ ಲೊಂಬಾರ್ದರು ರವೆನ್ನಾ ನಗರವನ್ನು ಹಿಡಿದು ರೋಮಿನತ್ತ ಮುಖ ಮಾಡಿದಾಗ ಪೋಪ್ ಎರಡನೇ ಸ್ಟೀಫನ್ ಆಲ್ಪ್ಸ್ ಪರ್ವತವನ್ನು ದಾಟಿ ಫ್ರಾಂಕರ ದೊರೆ ಪೆಪಿನನ ಸಹಾಯ ಬೇಡಿದರು. ಪೆಪಿನ್ ಲೊಂಬಾರ್ದರನ್ನು ಸೋಲಿಸಿ, ಗೆದ್ದ ಊರುಗಳನ್ನು 756ರಲ್ಲಿ ಸಂತ ಪೇತ್ರರ ಪೀಠಕ್ಕೆ ಕೊಟ್ಟನು. ಅವನ ಮಗ ಷಾರ್ಲಮೇನ್ 774ರಲ್ಲಿ ಈ ದಾನವನ್ನು ದೃಢಪಡಿಸಿದನು. ಪೋಪರ ರಾಜ್ಯದ ಆರಂಭ ಇದು.

ಕಾನ್‌ಸ್ಟಂಟೈನ್ ಚಕ್ರವರ್ತಿಯೇ ಪಶ್ಚಿಮದ ನಾಡುಗಳನ್ನೆಲ್ಲ ಪೋಪರಿಗೆ ಬರೆದುಕೊಟ್ಟನೆಂದು ಹೇಳುವ ಒಂದು ದಾನಪತ್ರವೂ ಮಧ್ಯಯುಗದಲ್ಲಿ ಚಲಾವಣೆಯಲ್ಲಿತ್ತು. ಅದು ನಕಲಿ ಪತ್ರವೆಂದು ಲೊರೆಂಜೊ ವಾಲ್ಲಾ ಎಂಬ ವಿದ್ವಾಂಸನು 1440ರಲ್ಲಿ ಅದರ ಭಾಷೆಯ ಆಧಾರದಿಂದಲೇ ತೋರಿಸಿಕೊಟ್ಟನು. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ರಾಜ್ಯದ ನಿಜವಾದ ಬುನಾದಿ ಆ ಪತ್ರವಾಗಿರಲಿಲ್ಲ, ರಕ್ಷಿಸುವವರಿಲ್ಲದ ಜನ ಪೋಪರನ್ನು ಆಶ್ರಯಿಸಿದ ಪರಿಸ್ಥಿತಿಯಾಗಿತ್ತು.

ಕೂಡಿದ್ದು, ಕಳೆದದ್ದು

ಅಲ್ಲಿಂದ ಮುಂದಿನ ಸಾವಿರ ವರ್ಷಗಳಲ್ಲಿ ರಾಜ್ಯ ಕೆಲವೊಮ್ಮೆ ಬೆಳೆಯಿತು, ಕೆಲವೊಮ್ಮೆ ಕುಗ್ಗಿತು. ಫ್ರಾನ್ಸಿನ ದಕ್ಷಿಣದಲ್ಲಿರುವ ಕೋಂತಾ ವೆನೆಸಾಂ ಎಂಬ ಪ್ರಾಂತ 1274ರಲ್ಲಿ ಪೋಪರ ಪಾಲಿಗೆ ಬಂತು. ಪೋಪರು ಅವಿನ್ಯೋನಿನಲ್ಲಿ ವಾಸವಾಗಿದ್ದಾಗ, 1348ರಲ್ಲಿ ಆರನೇ ಕ್ಲೆಮೆಂಟರು ಆ ನಗರವನ್ನು ನೇಪಲ್ಸಿನ ರಾಣಿ ಜೊವಾನ್ನಾಳಿಂದ 80,000 ಚಿನ್ನದ ಫ್ಲೊರಿನ್ ನಾಣ್ಯಗಳಿಗೆ ಖರೀದಿಸಿದರು. ಎರಡನೇ ಜೂಲಿಯಸರು ಸ್ವತಃ ಸೈನ್ಯದೊಂದಿಗೆ ಹೊರಟು 1506ರಲ್ಲಿ ಬೊಲೋನ್ಯ ನಗರವನ್ನು ವಶಪಡಿಸಿಕೊಂಡರು. ಫೆರಾರಾ 1598ರಲ್ಲಿ, ಉರ್ಬಿನೊ 1631ರಲ್ಲಿ ಸೇರಿದವು.

ಕಳೆದುಕೊಂಡದ್ದೆಲ್ಲ ಶತ್ರುಗಳಿಂದಲೇ ಅಲ್ಲ. 1545ರಲ್ಲಿ ಮೂರನೇ ಪೌಲರು ಪಾರ್ಮಾ ಮತ್ತು ಪಿಯಾಚೆಂಜಾ ನಗರಗಳನ್ನು ಪ್ರತ್ಯೇಕಿಸಿ, ತಮ್ಮ ಸ್ವಂತ ಮಗನಾದ ಪಿಯೆರ್ ಲುಯಿಜಿ ಫಾರ್ನೆಸೆಗೆ ಡ್ಯೂಕ್ ಪದವಿಯೊಂದಿಗೆ ಕೊಟ್ಟರು. ಆ ಭೂಮಿ ಮತ್ತೆ ಪೋಪರ ನೇರ ಆಡಳಿತಕ್ಕೆ ಮರಳಲಿಲ್ಲ. ಧರ್ಮಸಭೆಯ ಆಸ್ತಿ ಕುಟುಂಬದ ಆಸ್ತಿಯಾದ ಇಂತಹ ಉದಾಹರಣೆಗಳು ಆ ಕಾಲದ ಕಪ್ಪುಚುಕ್ಕೆಗಳು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1739ರಲ್ಲಿ ಕಾರ್ಡಿನಲ್ ಅಲ್ಬೆರೊನಿ ಎಂಬವರು ಪಕ್ಕದ ಸಣ್ಣ ಗಣರಾಜ್ಯವಾದ ಸಾನ್ ಮರಿನೊವನ್ನು ಆಕ್ರಮಿಸಿಕೊಂಡರು. ಅಲ್ಲಿನ ಜನರ ದೂರನ್ನು ಕೇಳಿದ ಹನ್ನೆರಡನೇ ಕ್ಲೆಮೆಂಟರು 1740ರ ಫೆಬ್ರವರಿಯಲ್ಲಿ ಅದರ ಸ್ವಾತಂತ್ರ್ಯವನ್ನು ಮರಳಿಸಿದರು. ಸಾನ್ ಮರಿನೊ ಇಂದಿಗೂ ಸ್ವತಂತ್ರ ದೇಶವಾಗಿ ಉಳಿದಿದೆ.

ನೆಪೋಲಿಯನ್ ಕಾಲದ ಹೊಡೆತ

ದೊಡ್ಡ ನಷ್ಟ ಆರಂಭವಾದದ್ದು ಫ್ರೆಂಚ್ ಕ್ರಾಂತಿಯಿಂದ. 1791ರಲ್ಲಿ ಫ್ರಾನ್ಸ್ ಅವಿನ್ಯೋನ್ ಮತ್ತು ವೆನೆಸಾಂ ಪ್ರಾಂತವನ್ನು ತನ್ನೊಳಗೆ ಸೇರಿಸಿಕೊಂಡಿತು. 1797ರ ಫೆಬ್ರವರಿಯ ತೊಲೆಂತಿನೊ ಒಪ್ಪಂದದಲ್ಲಿ ಬೊಲೋನ್ಯ, ಫೆರಾರಾ, ರೊಮಾನ್ಯ ಪ್ರದೇಶಗಳನ್ನು ಆರನೇ ಪಿಯುಸರು ನೆಪೋಲಿಯನ್‌ಗೆ ಬಿಟ್ಟುಕೊಡಬೇಕಾಯಿತು. ಭಾರೀ ಮೊತ್ತದ ದಂಡವನ್ನೂ ಅಮೂಲ್ಯ ಕಲಾಕೃತಿಗಳನ್ನೂ ಒಪ್ಪಿಸಬೇಕಾಯಿತು. ಮರುವರ್ಷ ಫ್ರೆಂಚ್ ಸೈನ್ಯ ರೋಮ್ ನಗರವನ್ನೇ ಪ್ರವೇಶಿಸಿತು. ವೃದ್ಧ ಪೋಪರನ್ನು ಬಂಧಿಸಿ ಕರೆದೊಯ್ದರು. 1799ರ ಆಗಸ್ಟ್ 29ರಂದು ಫ್ರಾನ್ಸಿನ ವಾಲಾಂಸ್ ಎಂಬಲ್ಲಿ ಅವರು ಸೆರೆಯಲ್ಲೇ ತೀರಿಕೊಂಡರು. ಪೋಪರ ಪೀಠ ಇನ್ನು ಮುಗಿಯಿತೆಂದೇ ಆಗ ಅನೇಕರು ಭಾವಿಸಿದ್ದರು.

ಹಾಗಾಗಲಿಲ್ಲ. ಕಾರ್ಡಿನಲರು ವೆನಿಸಿನಲ್ಲಿ ಸಭೆ ಸೇರಿ 1800ರಲ್ಲಿ ಏಳನೇ ಪಿಯುಸರನ್ನು ಆರಿಸಿದರು. ಇವರ ಮೇಲೂ ನೆಪೋಲಿಯನ್ ಕೈಮಾಡಿದನು. 1809ರಲ್ಲಿ ಉಳಿದ ರಾಜ್ಯವನ್ನೆಲ್ಲ ಫ್ರಾನ್ಸಿಗೆ ಸೇರಿಸಲಾಯಿತು. ಜುಲೈ ತಿಂಗಳ ಒಂದು ರಾತ್ರಿ ಸೈನಿಕರು ಅರಮನೆಗೆ ನುಗ್ಗಿ ಪೋಪರನ್ನು ಬಂಧಿಸಿದರು. ಮೊದಲು ಸವೋನಾ, ನಂತರ ಫೊಂತೆನ್‌ಬ್ಲೋ ಎಂಬಲ್ಲಿ ಸುಮಾರು ಐದು ವರ್ಷ ಅವರು ಸೆರೆಯಾಗಿದ್ದರು. 1814ರ ಮೇ 24ರಂದು ಅವರು ರೋಮಿಗೆ ಮರಳಿದರು. ಮೇ 24ರಂದು ನಾವು ಆಚರಿಸುವ ಕ್ರೈಸ್ತರ ಸಹಾಯಮಾತೆಯ ಹಬ್ಬವನ್ನು ಈ ಬಿಡುಗಡೆಯ ಕೃತಜ್ಞತೆಗಾಗಿ ಅವರೇ ಸ್ಥಾಪಿಸಿದರು.

1815ರ ವಿಯೆನ್ನಾ ಸಮ್ಮೇಳನದಲ್ಲಿ ಕಾರ್ಡಿನಲ್ ಕೊನ್ಸಾಲ್ವಿಯವರ ಜಾಣತನದಿಂದ ಬಹುಪಾಲು ಭೂಮಿ ಮರಳಿ ಸಿಕ್ಕಿತು. ಅವಿನ್ಯೋನ್ ಮತ್ತು ವೆನೆಸಾಂ ಮಾತ್ರ ಫ್ರಾನ್ಸಿನಲ್ಲೇ ಉಳಿದವು. ಪೋ ನದಿಯ ಉತ್ತರದ ಒಂದು ಪಟ್ಟಿ ಆಸ್ಟ್ರಿಯಾದ ಪಾಲಾಯಿತು.

ಪ್ರಜೆಗಳ ಮನಸ್ಸು ದೂರವಾದದ್ದು

ಭೂಮಿ ಮರಳಿತು, ಆದರೆ ಕಾಲ ಬದಲಾಗಿತ್ತು. ಹಲವು ರಾಜ್ಯಗಳಾಗಿ ಹಂಚಿಹೋಗಿದ್ದ ಇಟಲಿ ಒಂದಾಗಬೇಕೆಂಬ ಆಸೆ ಜನರಲ್ಲಿ ಬೆಳೆದಿತ್ತು. ಆ ನಕ್ಷೆಯ ನಟ್ಟನಡುವೆ ಪೋಪರ ರಾಜ್ಯ ಕೂತಿತ್ತು. ಆಡಳಿತದಲ್ಲಿ ದೊಡ್ಡ ಹುದ್ದೆಗಳೆಲ್ಲ ಧರ್ಮಗುರುಗಳ ಕೈಯಲ್ಲಿದ್ದುದರಿಂದ ವಿದ್ಯಾವಂತ ಜನಸಾಮಾನ್ಯರಿಗೆ ಅಸಮಾಧಾನವಿತ್ತು. ರೋಮಿನ ಯೆಹೂದ್ಯರನ್ನು 1555ರಿಂದ ಗೋಡೆಯೊಳಗಿನ ಕೇರಿಯಲ್ಲಿ ಇರಿಸಲಾಗಿತ್ತು. 1858ರಲ್ಲಿ ಬೊಲೋನ್ಯದ ಯೆಹೂದ್ಯ ಬಾಲಕ ಎದ್ಗಾರ್ದೊ ಮೊರ್ತಾರಾನಿಗೆ ಮನೆಗೆಲಸದವಳು ಗುಟ್ಟಾಗಿ ದೀಕ್ಷಾಸ್ನಾನ ಕೊಟ್ಟಿದ್ದಳೆಂಬ ಕಾರಣಕ್ಕೆ ಪೋಪರ ಪೊಲೀಸರು ಅವನನ್ನು ತಂದೆತಾಯಿಗಳಿಂದ ಬೇರ್ಪಡಿಸಿದರು. ಯುರೋಪಿನಾದ್ಯಂತ ಇದಕ್ಕೆ ಖಂಡನೆ ವ್ಯಕ್ತವಾಯಿತು. ಕುರುಬನು ಪೊಲೀಸನೂ ಆಗಬೇಕಾದಾಗ ಒದಗುವ ಕಷ್ಟ ಇದು ಎಂದು ಇಂದು ನಮಗೆ ಸ್ಪಷ್ಟವಾಗುತ್ತದೆ.

1846ರಲ್ಲಿ ಪೋಪರಾದ ಒಂಬತ್ತನೇ ಪಿಯುಸರನ್ನು ಜನ ಬಹಳ ಸಂಭ್ರಮದಿಂದ ಸ್ವಾಗತಿಸಿದ್ದರು. ಅವರು ರಾಜಕೀಯ ಕೈದಿಗಳಿಗೆ ಕ್ಷಮಾದಾನ ನೀಡಿ ಸುಧಾರಣೆಗಳನ್ನು ಆರಂಭಿಸಿದರು. 1848ರಲ್ಲಿ ಆಸ್ಟ್ರಿಯಾದ ವಿರುದ್ಧ ಇಟಾಲಿಯನ್ನರು ಯುದ್ಧಕ್ಕಿಳಿದಾಗ ಪೋಪರೂ ತಮ್ಮ ಜೊತೆ ನಿಲ್ಲಬೇಕೆಂದು ಜನ ಬಯಸಿದರು. ಎಲ್ಲ ಜನಾಂಗಗಳಿಗೂ ತಂದೆಯಾಗಿರುವ ತಾವು ಒಂದು ಕಥೋಲಿಕ ದೇಶದ ಮೇಲೆ ಯುದ್ಧ ಸಾರಲಾರೆವೆಂದು ಪಿಯುಸರು ಏಪ್ರಿಲ್ 29ರಂದು ತಿಳಿಸಿದರು. ಅರಸನಾಗಿ ಅವರು ಯುದ್ಧಕ್ಕೆ ಹೋಗಬೇಕಿತ್ತು, ಪೋಪರಾಗಿ ಹೋಗುವಂತಿರಲಿಲ್ಲ. ಎರಡು ಕಿರೀಟಗಳನ್ನು ಒಂದೇ ತಲೆಯ ಮೇಲೆ ಹೊರುವುದು ಅಸಾಧ್ಯವೆಂದು ಆ ದಿನ ಬಯಲಾಯಿತು. ನವೆಂಬರಿನಲ್ಲಿ ಅವರ ಮಂತ್ರಿ ಪೆಲ್ಲೆಗ್ರಿನೊ ರೊಸ್ಸಿಯವರ ಕೊಲೆಯಾಯಿತು. ಪೋಪರು ವೇಷ ಬದಲಿಸಿ ಗಯೇತಾಕ್ಕೆ ಪಲಾಯನ ಮಾಡಬೇಕಾಯಿತು. 1850ರಲ್ಲಿ ಫ್ರೆಂಚ್ ಸೈನ್ಯದ ಬೆಂಬಲದಿಂದ ಅವರು ಹಿಂತಿರುಗಿದರು. ಅಲ್ಲಿಂದ ಮುಂದೆ ಆ ರಾಜ್ಯ ವಿದೇಶೀ ಸೈನಿಕರ ಕಾವಲಿನಲ್ಲಿಯೇ ಉಳಿಯಿತು.

ಹನ್ನೊಂದು ವರ್ಷಗಳಲ್ಲಿ ಎಲ್ಲವೂ

1859ರಲ್ಲಿ ರೊಮಾನ್ಯದ ಜನ ದಂಗೆಯೆದ್ದರು. 1860ರ ಮಾರ್ಚಿನಲ್ಲಿ ಜನಮತ ಗಣನೆಯ ಮೂಲಕ ಆ ಪ್ರದೇಶ ಪಿಡ್‌ಮೊಂಟ್ ರಾಜ್ಯಕ್ಕೆ ಸೇರಿತು. ಅದೇ ವರ್ಷ ಸೆಪ್ಟೆಂಬರ್ 18ರಂದು ಕಾಸ್ತೆಲ್‌ಫಿದಾರ್ದೊ ಎಂಬಲ್ಲಿ ಪೋಪರ ಸಣ್ಣ ಸೈನ್ಯ ಸೋತಿತು. ಮಾರ್ಕೆ ಮತ್ತು ಉಂಬ್ರಿಯ ಪ್ರಾಂತಗಳು ಕೈತಪ್ಪಿದವು. ಸಂತ ಫ್ರಾನ್ಸಿಸರ ಅಸ್ಸೀಸಿಯೂ ಲೊರೆತೊ ಪುಣ್ಯಕ್ಷೇತ್ರವೂ ಹೀಗೆ ಹೊಸ ರಾಜ್ಯದ ಪಾಲಾದವು. ಉಳಿದದ್ದು ರೋಮ್ ಮತ್ತು ಅದರ ಸುತ್ತಲಿನ ಸುಮಾರು 12,000 ಚದರ ಕಿಲೋಮೀಟರು ಮಾತ್ರ. 1861ರಲ್ಲಿ ಇಟಲಿ ರಾಜ್ಯದ ಘೋಷಣೆಯಾಯಿತು. ರೋಮೇ ತನ್ನ ರಾಜಧಾನಿಯಾಗಬೇಕೆಂದು ಅದರ ಸಂಸತ್ತು ನಿರ್ಣಯಿಸಿತು.

1869ರ ಡಿಸೆಂಬರಿನಲ್ಲಿ ಮೊದಲನೇ ವ್ಯಾಟಿಕನ್ ಮಹಾಸಭೆ ಆರಂಭವಾಯಿತು. 1870ರ ಜುಲೈ 18ರಂದು ಪೋಪರ ಅಪ್ರಮಾದತೆಯ ಸಿದ್ಧಾಂತವನ್ನು ಘೋಷಿಸಲಾಯಿತು. ಮರುದಿನವೇ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಹೊತ್ತಿಕೊಂಡಿತು. ರೋಮನ್ನು ಕಾಯುತ್ತಿದ್ದ ಫ್ರೆಂಚ್ ಸೈನಿಕರನ್ನು ಹಿಂದಕ್ಕೆ ಕರೆಸಲಾಯಿತು. ಸೆಪ್ಟೆಂಬರ್ 20ರ ಬೆಳಿಗ್ಗೆ ಜನರಲ್ ಕಾದೊರ್ನಾ ಅವರ ಇಟಾಲಿಯನ್ ಸೈನ್ಯ ಪೋರ್ತಾ ಪಿಯಾ ಎಂಬ ಬಾಗಿಲಿನ ಬಳಿ ಕೋಟೆಗೋಡೆಯನ್ನು ಫಿರಂಗಿಯಿಂದ ಒಡೆಯಿತು. ಹಿಂಸೆಗೆ ತಾವು ಮಣಿಯುತ್ತಿದ್ದೇವೆಂದು ಜಗತ್ತಿಗೆ ಗೊತ್ತಾಗುವಷ್ಟು ಮಾತ್ರ ಪ್ರತಿರೋಧ ತೋರಿಸಿ, ಗೋಡೆ ಒಡೆದ ಕೂಡಲೇ ಶರಣಾಗಬೇಕೆಂದು ಪಿಯುಸರು ತಮ್ಮ ಸೇನಾಧಿಪತಿಗೆ ಆಜ್ಞೆ ಮಾಡಿದ್ದರು. ಹಾಗೆಯೇ ಆಯಿತು. ಅಕ್ಟೋಬರ್ 2ರ ಜನಮತ ಗಣನೆಯ ನಂತರ ರೋಮ್ ಇಟಲಿಗೆ ಸೇರಿತು. ಸಾವಿರದ ನೂರಕ್ಕೂ ಹೆಚ್ಚು ವರ್ಷ ಬಾಳಿದ ರಾಜ್ಯ ಹೀಗೆ ಮುಗಿಯಿತು. ಪೋಪರ ಕ್ವಿರಿನಾಲ್ ಅರಮನೆ ಇಟಲಿಯ ರಾಜನ ಅರಮನೆಯಾಯಿತು. ಇಂದು ಅಲ್ಲಿ ಇಟಲಿಯ ರಾಷ್ಟ್ರಪತಿಗಳಿದ್ದಾರೆ.

ಭೂಮಿಯಿಲ್ಲದ 59 ವರ್ಷ

1871ರ ಮೇ ತಿಂಗಳಲ್ಲಿ ಇಟಲಿ ಸರಕಾರ ಒಂದು ಕಾನೂನು ಮಾಡಿ ಪೋಪರಿಗೆ ರಾಜಮರ್ಯಾದೆ, ವ್ಯಾಟಿಕನ್ ಅರಮನೆಯ ಬಳಕೆ, ವರ್ಷಕ್ಕೆ 32 ಲಕ್ಷ ಲೀರಾಕ್ಕೂ ಹೆಚ್ಚಿನ ಸಂಭಾವನೆ ನೀಡಲು ಮುಂದೆ ಬಂತು. ಪಿಯುಸರು ಅದನ್ನು ನಿರಾಕರಿಸಿದರು. ಒಂದು ಸಂಸತ್ತು ಕೊಟ್ಟ ಹಕ್ಕನ್ನು ನಾಳೆ ಇನ್ನೊಂದು ಸಂಸತ್ತು ಹಿಂದೆಗೆದುಕೊಳ್ಳಬಹುದು, ಸಂಬಳ ಕೊಡುವವನ ಮುಂದೆ ಧರ್ಮಸಭೆ ಸ್ವತಂತ್ರವಾಗಿ ಮಾತಾಡಲಾರದು ಎಂಬುದೇ ಅವರ ಆತಂಕ. ಅಂದಿನಿಂದ 1929ರವರೆಗೆ ಐದು ಮಂದಿ ಪೋಪರು ವ್ಯಾಟಿಕನ್ ಆವರಣ ಬಿಟ್ಟು ಹೊರಗೆ ಕಾಲಿಡಲಿಲ್ಲ. ಹೊಸ ಪೋಪರು ಚೌಕದ ಕಡೆಗಿರುವ ಮೊಗಸಾಲೆಯಿಂದ ಆಶೀರ್ವದಿಸುವ ಪದ್ಧತಿಯೂ 1922ರವರೆಗೆ ನಿಂತುಹೋಗಿತ್ತು. ಇಟಲಿಯ ಕಥೋಲಿಕರು ಸಂಸತ್ ಚುನಾವಣೆಯಲ್ಲಿ ಭಾಗವಹಿಸಬಾರದೆಂಬ ನಿರ್ಬಂಧವಿತ್ತು. 1919ರಲ್ಲಿ ಅದು ಪೂರ್ತಿ ತೆರವಾಯಿತು. ದೇಶಪ್ರೇಮ ಮತ್ತು ವಿಶ್ವಾಸದ ನಡುವೆ ಒಂದು ಇಡೀ ತಲೆಮಾರು ತೊಳಲಾಡಿತು.

ಈ ವರ್ಷಗಳು ಪೋಪರ ಪೀಠಕ್ಕೆ ದುರ್ಬಲ ವರ್ಷಗಳಾಗಿದ್ದವೇ? ಹಾಗೆ ಹೇಳಲಾಗುವುದಿಲ್ಲ. ಹದಿಮೂರನೇ ಲಿಯೊ 1878ರಿಂದ 1903ರವರೆಗೆ, ಅಂದರೆ 25 ವರ್ಷ ಆಳಿದ್ದು ಒಂದು ಅಂಗುಲ ರಾಜ್ಯವೂ ಇಲ್ಲದೆ. 1885ರಲ್ಲಿ ಕರೊಲಿನ್ ದ್ವೀಪಗಳು ಯಾರಿಗೆ ಸೇರಬೇಕೆಂದು ಜರ್ಮನಿ ಮತ್ತು ಸ್ಪೇನ್ ಜಗಳವಾಡಿದಾಗ ಮಧ್ಯಸ್ಥಿಕೆಗೆ ಅವರನ್ನೇ ಕರೆದರು. ಸ್ವಂತ ಭೂಮಿಯಿಲ್ಲದವರು ಇತರರ ಭೂಮಿಯ ನ್ಯಾಯ ತೀರ್ಮಾನಿಸಿದರು! 1891ರಲ್ಲಿ ಕಾರ್ಮಿಕರ ಹಕ್ಕುಗಳ ಕುರಿತ ‘ರೇರುಮ್ ನೊವಾರುಮ್’ ವಿಶ್ವಪರಿಪತ್ರ ಬಂದದ್ದೂ ಅವರಿಂದಲೇ. 2025ರ ಮೇ 8ರಂದು ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೊ ತಮ್ಮ ಹೆಸರನ್ನು ಆರಿಸಿಕೊಂಡದ್ದು ಇವರ ನೆನಪಿನಲ್ಲಿ.

ನಮ್ಮ ಕರಾವಳಿಯ ಇತಿಹಾಸವೂ ಇಲ್ಲಿಯೇ ಕೂಡಿಕೊಳ್ಳುತ್ತದೆ. 1878ರಲ್ಲಿ ಮಂಗಳೂರು ಪ್ರಾಂತವನ್ನು ಯೇಸುಸಭೆಯ ಗುರುಗಳಿಗೆ ವಹಿಸಿದವರು ಇದೇ ಲಿಯೊ. ಇಟಲಿಯಲ್ಲಿ ಧಾರ್ಮಿಕ ಸಭೆಗಳ ಮಠ, ಆಸ್ತಿಗಳನ್ನು ಸರಕಾರ ವಶಪಡಿಸಿಕೊಂಡಿದ್ದ ಕಾಲವದು. ಆ ವರ್ಷದ ಡಿಸೆಂಬರ್ 31ರಂದು ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1886ರಲ್ಲಿ ಪದ್ರುವಾದೊ ಹಕ್ಕಿನ ವಿಷಯದಲ್ಲಿ ಪೋರ್ಚುಗಲ್ ಸರಕಾರ ಲಿಯೊ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 1ರಂದು ಅವರು ಭಾರತದ ಧರ್ಮಾಧಿಕಾರ ವ್ಯವಸ್ಥೆಯನ್ನು ಸ್ಥಾಪಿಸಿದಾಗ ಮಂಗಳೂರು ಧರ್ಮಪ್ರಾಂತ್ಯವಾಯಿತು. ನಮ್ಮ ಧರ್ಮಪ್ರಾಂತ್ಯದ ಸ್ಥಾಪನಾಪತ್ರಕ್ಕೆ ಸಹಿ ಬಿದ್ದಾಗ ಸಹಿ ಹಾಕಿದವರಿಗೆ ಸ್ವಂತದ್ದೆಂದು ಹೇಳಿಕೊಳ್ಳುವ ರಾಜ್ಯವಿರಲಿಲ್ಲ. ಆದರೂ ಆ ಸಹಿಗೆ ಬೆಲೆಯಿತ್ತು.

ಕಾಣಿಕೆಯ ಹಿಂದಿನ ಕಾರಣ

ಜೂನ್ 29ರ ಸಂತ ಪೇತ್ರ, ಪೌಲರ ಹಬ್ಬದ ಆಸುಪಾಸಿನಲ್ಲಿ ಸಂಗ್ರಹಿಸುವ ‘ಸಂತ ಪೇತ್ರರ ಕಾಣಿಕೆ’ಗೂ ಈ ನಷ್ಟಕ್ಕೂ ನೇರ ಸಂಬಂಧವಿದೆ. ಎಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ್ದ ಈ ಪದ್ಧತಿ ಕಾಲಾಂತರದಲ್ಲಿ ನಿಂತುಹೋಗಿತ್ತು. 1860ರ ಹೊತ್ತಿಗೆ ಪೋಪರು ಪ್ರಾಂತಗಳನ್ನೂ ಅವುಗಳ ತೆರಿಗೆಯನ್ನೂ ಕಳೆದುಕೊಂಡಾಗ ಯುರೋಪಿನ ವಿಶ್ವಾಸಿಗಳು ಇದನ್ನು ಮತ್ತೆ ಆರಂಭಿಸಿದರು. 1871ರ ಆಗಸ್ಟಿನಲ್ಲಿ ಪಿಯುಸರು ಅದಕ್ಕೆ ಅಧಿಕೃತ ಒಪ್ಪಿಗೆ ನೀಡಿದರು. ಪ್ರಜೆಗಳು ಕಡ್ಡಾಯವಾಗಿ ಕಟ್ಟುತ್ತಿದ್ದ ತೆರಿಗೆಯ ಜಾಗದಲ್ಲಿ ಬಡವರು ಮನಸ್ಸಿನಿಂದ ಕೊಟ್ಟ ಕಾಸು ಬಂತು.

ಲಾತೆರಾನ್ ಒಪ್ಪಂದ

1929ರ ಫೆಬ್ರವರಿ 11ರಂದು, ಲೂರ್ದುಮಾತೆಯ ಹಬ್ಬದ ದಿನ, ಕಾರ್ಡಿನಲ್ ಗಾಸ್ಪಾರಿ ಮತ್ತು ಇಟಲಿಯ ಪ್ರಧಾನಿ ಮುಸ್ಸೊಲಿನಿ ಲಾತೆರಾನ್ ಅರಮನೆಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ರೋಮ್ ರಾಜಧಾನಿಯಾಗಿರುವ ಇಟಲಿಯನ್ನು ಪೋಪರು ಮಾನ್ಯ ಮಾಡಿದರು. 44 ಹೆಕ್ಟೇರಿನ ವ್ಯಾಟಿಕನ್ ನಗರವನ್ನು ಸ್ವತಂತ್ರ ರಾಜ್ಯವೆಂದು ಇಟಲಿ ಮಾನ್ಯ ಮಾಡಿತು. ಕಳೆದುಹೋದ ರಾಜ್ಯಕ್ಕೆ ಪರಿಹಾರವಾಗಿ 75 ಕೋಟಿ ಲೀರಾ ನಗದು ಮತ್ತು 100 ಕೋಟಿ ಲೀರಾ ಬೆಲೆಯ ಸಾಲಪತ್ರಗಳನ್ನು ಕೊಡಲು ಒಪ್ಪಿತು. ಇನ್ನೂ ಹೆಚ್ಚು ಭೂಮಿ ಕೇಳಬಹುದಿತ್ತೆಂದು ಹೇಳಿದವರಿಗೆ ಹನ್ನೊಂದನೇ ಪಿಯುಸರು ಅಸ್ಸೀಸಿಯ ಸಂತ ಫ್ರಾನ್ಸಿಸರನ್ನು ನೆನಪಿಸಿದರು. ಆತ್ಮವನ್ನು ಹಿಡಿದಿಟ್ಟುಕೊಳ್ಳಲು ಬೇಕಾದಷ್ಟು ಶರೀರ ಸಾಕು ಎಂಬುದು ಅವರ ಮಾತಿನ ತಾತ್ಪರ್ಯ. ಸರ್ವಾಧಿಕಾರಿಯೊಂದಿಗೆ ಮಾಡಿಕೊಂಡ ಈ ಒಪ್ಪಂದಕ್ಕೆ ಟೀಕೆಯೂ ಬಂತು. ಎರಡೇ ವರ್ಷಗಳಲ್ಲಿ ಕಥೋಲಿಕ ಯುವಸಂಘಟನೆಗಳ ವಿಷಯದಲ್ಲಿ ಪೋಪರು ಫ್ಯಾಸಿಸ್ಟ್ ಸರಕಾರವನ್ನು ಬಹಿರಂಗವಾಗಿ ಖಂಡಿಸಬೇಕಾಯಿತು. ಹಾಗೆ ಖಂಡಿಸಲು ನಿಲ್ಲುವ ಸ್ವಂತ ಜಾಗ ಅವರಿಗಿತ್ತು ಎಂಬುದೂ ಗಮನಾರ್ಹ. 1984ರಲ್ಲಿ ಇಟಲಿಯೊಂದಿಗಿನ ಧಾರ್ಮಿಕ ಒಡಂಬಡಿಕೆ ಪರಿಷ್ಕಾರಗೊಂಡು, ಕಥೋಲಿಕ ಧರ್ಮ ಇಟಲಿಯ ರಾಜ್ಯಧರ್ಮವೆಂಬ ಸ್ಥಾನ ರದ್ದಾಯಿತು.

ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು. ವ್ಯಾಟಿಕನ್ ನಗರ ಒಂದು ಜಾಗ, ಪವಿತ್ರ ಪೀಠ ಎಂಬುದು ಸಂತ ಪೇತ್ರರ ಉತ್ತರಾಧಿಕಾರಿಯ ಅಧಿಕಾರ. ದೇಶಗಳು ರಾಯಭಾರ ಸಂಬಂಧ ಇಟ್ಟುಕೊಳ್ಳುವುದು ಪವಿತ್ರ ಪೀಠದೊಂದಿಗೆ. ಜಾಗವಿಲ್ಲದ 59 ವರ್ಷಗಳಲ್ಲೂ ಹಲವು ದೇಶಗಳ ರಾಯಭಾರಿಗಳು ಅಲ್ಲಿದ್ದರು. ಸ್ವತಂತ್ರ ಭಾರತ ಈ ಸಂಬಂಧವನ್ನು 1948ರಲ್ಲಿ ಆರಂಭಿಸಿತು. 2025ರ ಏಪ್ರಿಲಿನಲ್ಲಿ ನಿಧನರಾದ ಪೋಪ್ ಫ್ರಾನ್ಸಿಸರ ಸಮಾಧಿಯಿರುವ ಸಂತ ಮರಿಯಾ ಮಜ್ಜೊರೆ ಮಹಾದೇವಾಲಯವೂ ವ್ಯಾಟಿಕನ್ ನಗರದ ಗಡಿಯೊಳಗಿಲ್ಲ. ಅದು ಇಟಲಿಯ ನೆಲದಲ್ಲಿ ವಿಶೇಷ ಹಕ್ಕು ಪಡೆದ ಪವಿತ್ರ ಪೀಠದ ಆಸ್ತಿ.

ನಾವು ಕಲಿಯಬೇಕಾದದ್ದು

ಎರಡನೇ ವ್ಯಾಟಿಕನ್ ಮಹಾಸಭೆ ಆರಂಭವಾಗುವ ಹಿಂದಿನ ದಿನ, 1962ರ ಅಕ್ಟೋಬರ್ 10ರಂದು, ಮುಂದೆ ಆರನೇ ಪೌಲರಾದ ಕಾರ್ಡಿನಲ್ ಮೊಂತಿನಿಯವರು ರೋಮಿನ ನಗರಸಭೆಯ ಭವನದಲ್ಲಿ ಮಾತನಾಡುತ್ತಾ, ರಾಜ್ಯ ಹೋದದ್ದರಲ್ಲಿ ದೇವರ ಕೈಯನ್ನು ಕಂಡರು. ರಾಜ್ಯವನ್ನು ಕಳಚಿದ ಮೇಲೆ ಪೋಪರ ಬೋಧನೆಯ ಮತ್ತು ಸಾಕ್ಷ್ಯದ ಸೇವೆ ಹಿಂದೆಂದಿಗಿಂತ ಬಲವಾಯಿತೆಂಬುದು ಅವರ ಅಭಿಪ್ರಾಯ. ಪೋಪರಾದ ಮೇಲೆ 1970ರಲ್ಲಿ ಅವರು ಸ್ವಿಸ್ ಕಾವಲು ಪಡೆಯೊಂದನ್ನು ಉಳಿಸಿ, ರಾಜ್ಯದ ಕಾಲದ ಉಳಿದ ಸೈನಿಕ ಪಡೆಗಳನ್ನು ವಿಸರ್ಜಿಸಿದರು.

ಆದರೆ 1870ರಲ್ಲಿ ಬದುಕಿದ್ದವರಿಗೆ ಇದು ಕಾಣುತ್ತಿರಲಿಲ್ಲ. ಒಂಬತ್ತನೇ ಪಿಯುಸರು ಹಟಮಾರಿಯಾಗಿದ್ದರೆಂದು ನಾವು ಸುಲಭವಾಗಿ ತೀರ್ಪು ಕೊಡಬಾರದು. ಇಬ್ಬರು ಪೋಪರು ಸೆರೆಯಾದದ್ದನ್ನು, ಒಬ್ಬರು ಅಲ್ಲೇ ಸತ್ತದ್ದನ್ನು ಕೇಳಿ ಬೆಳೆದವರಿಗೆ ಭೂಮಿಯೇ ಸ್ವಾತಂತ್ರ್ಯದ ಬೇಲಿ ಎಂದು ಕಂಡದ್ದು ಸಹಜ. ಬೇಲಿ ಬೇಕಿತ್ತು ಎನ್ನುವುದರಲ್ಲಿ ಅವರು ಸರಿಯಾಗಿಯೇ ಯೋಚಿಸಿದ್ದರು. ಎಷ್ಟು ದೊಡ್ಡ ಬೇಲಿ ಸಾಕು ಎಂಬುದನ್ನು ಕಾಲ ತಿಳಿಸಿತು.

ನಮ್ಮ ಧರ್ಮಕೇಂದ್ರಗಳಲ್ಲೂ ಜಾಗ, ಕಟ್ಟಡ, ಆವರಣ ಗೋಡೆಗಳ ವಿಷಯದಲ್ಲಿ ಮನಸ್ತಾಪಗಳು ಹುಟ್ಟುತ್ತವೆ. ಕೋರ್ಟು ಕಚೇರಿಗೆ ಅಲೆಯುವುದೂ ಉಂಟು. ಧರ್ಮಸಭೆಯ ಆಸ್ತಿಯನ್ನು ಕಾಯುವುದು ಧರ್ಮಗುರುಗಳ ಮತ್ತು ಪಾಲನಾ ಮಂಡಳಿಗಳ ಕರ್ತವ್ಯವೇ. ಅದನ್ನು ನಿರ್ಲಕ್ಷಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಕಾಯುವ ಮೊದಲು, ಕಾಯುವಾಗ, ಕಾದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಜಾಗ ಯಾವ ಸೇವೆಗಾಗಿ? ಮಹಾ ಸಂತ ಗ್ರೆಗೊರಿಯವರ ಜಮೀನು ಬಡವರಿಗೆ ಧಾನ್ಯ ಕೊಟ್ಟಿತು. ಮೂರನೇ ಪೌಲರ ಪಾರ್ಮಾ ಅವರ ಮಗನಿಗೆ ಪದವಿ ಕೊಟ್ಟಿತು. ಎರಡೂ ಕೈಬಿಟ್ಟುಹೋಗಿವೆ, ಆದರೆ ನಾವು ಕೃತಜ್ಞತೆಯಿಂದ ನೆನೆಯುವುದು ಮೊದಲನೆಯದನ್ನು ಮಾತ್ರ.

ಸಂತ ಪೇತ್ರರ ಉತ್ತರಾಧಿಕಾರಿಯಾದ ಪೋಪ್ ಹದಿನಾಲ್ಕನೇ ಲಿಯೊ ಅವರಿಗಾಗಿ ಪ್ರಾರ್ಥಿಸೋಣ. ಜೂನ್ ತಿಂಗಳಲ್ಲಿ ಕಾಣಿಕೆಯ ಲಕೋಟೆ ಕೈಗೆ ಬಂದಾಗ ಅದರ ಹಿಂದಿರುವ ಈ ಇತಿಹಾಸವನ್ನು ಮಕ್ಕಳಿಗೂ ತಿಳಿಸೋಣ.